ಲಾಡಿ ಕಟ್ಟುವ ಜಾಗ

ನಮ್ಮ ಫಾರಂನಲ್ಲಿ ಹದಿನಾಲ್ಕು ಪ್ರಶ್ನೆಗಳಿದ್ದವು. ಹನ್ನೊಂದನೆಯದನ್ನು ಕೇಳಿ ಕೇಳಿ ನನ್ನ ನಾಲಗೆ ಸವೆದುಹೋಗಿತ್ತು. ‘ಮೈಮೇಲೆ ಎಲ್ಲಾದರೂ ಒಂದು ತಿಂಗಳಿಗಿಂತ ಹೆಚ್ಚು ಕಾಲ ಮಾಯದ ಹುಣ್ಣು, ಬೆಳೆಯುವ ಗಂಟು, ಬಣ್ಣ ಬದಲಾದ ಮಚ್ಚೆ ಇದೆಯೇ?’ ಅಚ್ಚಾದ ಈ ವಾಕ್ಯವನ್ನು ಇದ್ದ ಹಾಗೇ ಓದಿದರೆ ಹಳ್ಳಿಯ ಅಜ್ಜಿಯರು ನನ್ನ ಬಾಯನ್ನೇ ನೋಡುತ್ತ ಕೂತುಬಿಡುತ್ತಿದ್ದರು. ಅದಕ್ಕೆ ನಾನು ಅದನ್ನು ಮೊಟಕು ಮಾಡಿಕೊಂಡಿದ್ದೆ. “ಮೈಮ್ಯಾಲೆ ಮಾಯಲಾರದ ಹುಣ್ಣು ಏನರ ಐತೇನ್ರಿ?” “ಇಲ್ರಿ.” ಬರೆದುಕೊಳ್ಳುವುದು, ಮುಂದಿನ ಮನೆಗೆ ನಡೆಯುವುದು.

ಬಳ್ಳಾರಿಯ ಒಂದು ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ನನ್ನದು ಮನೆಮನೆಗೆ ಹೋಗಿ ವಿವರ ತರುವ ಕೆಲಸ. ಅರವತ್ತು ದಾಟಿದವರಲ್ಲಿ ಚರ್ಮದ ಕ್ಯಾನ್ಸರ್ ಎಷ್ಟು ಸಾಮಾನ್ಯ ಎಂದು ತಿಳಿಯಲು ನಮ್ಮ ವಿಭಾಗದ ಮುಖ್ಯಸ್ಥರು ಒಂದು ಸಮೀಕ್ಷೆ ಕೈಗೆತ್ತಿಕೊಂಡಿದ್ದರು. ಅವರನ್ನು ನಾವೆಲ್ಲ ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಆಸ್ಪತ್ರೆಗೆ ಬಂದವರನ್ನು ಎಣಿಸಿದರೆ ಲೆಕ್ಕ ಸಿಗುವುದಿಲ್ಲ, ಬಾರದವರನ್ನು ಎಣಿಸಬೇಕು ಎನ್ನುವುದು ಅವರ ಮಾತು. ಮಾತು ಅವರದು, ಬಾರದವರ ಮನೆಗೆ ಹೋಗುವ ಕಾಲು ನನ್ನವು. ಐವತ್ತೆರಡು ವರ್ಷದ ಕಾಲುಗಳು, ಅದರಲ್ಲಿ ಎಡ ಮೊಣಕಾಲು ಬೇರೆ ಕೈಕೊಟ್ಟಿತ್ತು.

ಮೊದಲು ಮೋಕ, ಆಮೇಲೆ ಸಿರುಗುಪ್ಪದ ಕಾಲುವೆ ಕೆಳಗಿನ ಹಳ್ಳಿಗಳು, ಕೊನೆಗೆ ಕುರುಗೋಡು ಕಡೆ. ಗಾಂಧಿನಗರದ ನಮ್ಮ ಮನೆಯಿಂದ ಬೆಳಿಗ್ಗೆ ಆರಕ್ಕೆ ಹೊರಟರೆ ಎಂಟರೊಳಗೆ ಊರು ಮುಟ್ಟುತ್ತಿದ್ದೆ. ಇಲಾಖೆಯ ಜೀಪು ಇದ್ದ ದಿನ ಜೀಪು, ಇಲ್ಲದ ದಿನ ಬಸ್ಸು. ಊರಿನ ಆಶಾ ಕಾರ್ಯಕರ್ತೆ ಪಟ್ಟಿ ಹಿಡಿದು ಮುಂದೆ, ಟಾರ್ಚು, ಭೂತಗನ್ನಡಿ, ಸ್ಕೇಲು, ಫಾರಂ ಕಟ್ಟು ಹೊತ್ತು ನಾನು ಹಿಂದೆ. ಆಧಾರ್ ಕಾರ್ಡಿನಲ್ಲಿ ವಯಸ್ಸು ನೋಡಬೇಕು. ಮುಖ, ಕಿವಿಯ ಹಿಂದೆ, ತಲೆ, ಕೈ, ಅಂಗಾಲು ನೋಡಬೇಕು. ಅನುಮಾನ ಬಂದರೆ ಪಕ್ಕದಲ್ಲಿ ಸ್ಕೇಲಿಟ್ಟು ಫೋಟೋ ತೆಗೆದು, ಗುರುವಾರ ಬಳ್ಳಾರಿಗೆ ಬರಲು ಚೀಟಿ ಕೊಡಬೇಕು. ಅಲ್ಲಿ ಡಾಕ್ಟರು ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ಗಂಡಸರದೇನೂ ತಕರಾರಿರಲಿಲ್ಲ. ಕೇಳುವ ಮೊದಲೇ ಲುಂಗಿ ಮೇಲೆತ್ತಿ ಮೊಣಕಾಲು ತೋರಿಸುತ್ತಿದ್ದರು, ಚರ್ಮದ ಕಾಯಿಲೆ ಬಿಟ್ಟು ಮಂಡಿನೋವಿಗೆ ಔಷಧ ಕೇಳುತ್ತಿದ್ದರು. ಹಳೆಯ ಸುಟ್ಟ ಕಲೆಯ ಮೇಲೆ ಎದ್ದ ಹುಣ್ಣು, ಬಿಸಿಲಿಗೆ ಸುಲಿದು ಸುಲಿದು ಕೊನೆಗೆ ಮಾಯದೇ ಉಳಿದ ಕಿವಿಯಂಚು, ಇಂಥವು ಅಲ್ಲೊಂದು ಇಲ್ಲೊಂದು ಸಿಕ್ಕವು. ಹೆಂಗಸರ ಫಾರಂಗಳಲ್ಲಿ ಮಾತ್ರ ಹನ್ನೊಂದರ ಮುಂದೆ ಬರೀ ‘ಇಲ್ಲ’. ದೊಡ್ಡ ಡಾಕ್ಟರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. “ನಮ್ಮ ಚರ್ಮದ ಬಣ್ಣವೇ ನಮಗೆ ಕೊಡೆ ಇದ್ದ ಹಾಗೆ ಮೇಡಂ. ಅದರಲ್ಲೂ ಹೆಂಗಸರು ತಲೆತುಂಬ ಸೆರಗು ಹೊದ್ದಿರ್ತಾರೆ,” ಅಂದರು. ನನಗೂ ಅದೇ ಬೇಕಾಗಿತ್ತು. ಬಿಸಿಲು ಏರಿತ್ತು, ಕುರುಗೋಡಿನ ಬಂಡೆಗಳು ಬೆಳಿಗ್ಗೆ ಒಂಬತ್ತಕ್ಕೇ ಕಾದು ಝಳ ಉಗುಳುತ್ತಿದ್ದವು, ಒಮ್ಮೆ ಮುಗಿದರೆ ಸಾಕಾಗಿತ್ತು.

ಕುರುಗೋಡು ಕಡೆ ಇನ್ನು ಎರಡೇ ಊರು ಬಾಕಿ ಇದ್ದಾಗ, ಏಪ್ರಿಲ್ ತಿಂಗಳ ಒಂದು ಗುರುವಾರ, ನಾನು ಆಸ್ಪತ್ರೆಯಲ್ಲಿದ್ದೆ. ಹೊರರೋಗಿಗಳ ಬೆಂಚಿನ ತುದಿಯಲ್ಲಿ ಒಬ್ಬ ಅಜ್ಜಿ, ಜೊತೆಗೆ ನಲವತ್ತೈದರ ಆಸುಪಾಸಿನ ಸೊಸೆ. ಬೆಂಚು ಕಿಕ್ಕಿರಿದಿದ್ದರೂ ಅವರಿಬ್ಬರ ಪಕ್ಕ ಮೂರು ಜನ ಕೂರುವಷ್ಟು ಜಾಗ ಖಾಲಿ ಇತ್ತು. ಹತ್ತಿರ ಹೋದಾಗ ಯಾಕೆಂದು ಮೂಗಿಗೆ ಗೊತ್ತಾಯಿತು. ಅಜ್ಜಿ ನನ್ನನ್ನು ನೋಡಿದವಳೇ ಗುರುತು ಹಿಡಿದಳು.

“ಯವ್ವಾ, ನೀ ನಮ್ಮನಿಗೆ ಬಂದಿದ್ಯಲ್ಲ, ಬ್ಯಾಟ್ರಿ ಹಾಕಿ ಕಿವಿ ನೋಡಿದಾಕಿ!”

ಸಿರುಗುಪ್ಪ ಕಡೆಯ ಹಳ್ಳಿಯವಳು. ನನಗೆ ನೆನಪಾಗಲಿಲ್ಲ. ದಿನಕ್ಕೆ ಇಪ್ಪತ್ತು ಕಿವಿ ನೋಡಿದವಳಿಗೆ ಯಾವ ಕಿವಿ ನೆನಪಿರುತ್ತದೆ?

ಪರದೆಯ ಹಿಂದೆ ಕಿರಿಯ ಲೇಡಿ ಡಾಕ್ಟರು ಅಜ್ಜಿಯ ಸೀರೆ ಸಡಿಲಿಸಿದರು. ನಾನು ಟಾರ್ಚು ಹಿಡಿದೆ. ಒಳಲಂಗದ ಲಾಡಿ ಕೂರುವಲ್ಲಿ, ಟೊಂಕದ ಸುತ್ತ, ಬೆಲ್ಟು ಕಟ್ಟಿದಂತೆ ಕಪ್ಪು ಪಟ್ಟಿ. ಚರ್ಮ ದಪ್ಪಗಾಗಿ ಒರಟಾಗಿತ್ತು. ಎಡಗಡೆ, ಲಾಡಿಯ ಗಂಟು ಒತ್ತುವ ಜಾಗದಲ್ಲಿ, ಅಂಗೈಯಗಲದ ಹುಣ್ಣು. ಅಂಚು ಹೂಕೋಸಿನ ಹಾಗೆ ಎದ್ದಿತ್ತು, ನಡುವೆ ಹಸಿಹಸಿ. ಡಾಕ್ಟರು ತೊಡೆಸಂದಿಯಲ್ಲಿ ಬೆರಳಾಡಿಸಿ ಎರಡು ಗಡ್ಡೆ ಲೆಕ್ಕ ಹಾಕಿದರು.

“ಎಷ್ಟು ದಿನ ಆತವ್ವ ಇದು?” ಕೇಳಿದೆ.

“ಲಾಡಿ ಜಡ್ಡು ಮೊದ್ಲಿಂದನೂ ಐತಿ. ಒಡದು ನೀರು ಬರಾಕ ಹತ್ತಿದ್ದು ದೀಪಾವಳಿ ಮುಂಚೆ.”

ಅವರ ಊರಿಗೆ ನಾನು ಹೋಗಿದ್ದು ದೀಪಾವಳಿ ಆದಮೇಲೆ.

ಮಧ್ಯಾಹ್ನ ಊಟ ಬಿಟ್ಟು ಬೀರು ತೆಗೆದೆ. ಊರಿನ ಹೆಸರು ಬರೆದ ಕಟ್ಟು ಬಿಚ್ಚಿ ಹುಡುಕಿದೆ. ಸಿಕ್ಕಿತು. ಹೆಸರು, ವಯಸ್ಸು ಅರವತ್ತೆಂಟು, ಕೂಲಿ ಕೆಲಸ, ಸಕ್ಕರೆ ಕಾಯಿಲೆ ಇದೆ. ಹನ್ನೊಂದು: ಇಲ್ಲ. ಕೆಳಗೆ ನನ್ನ ಸಹಿ. ಅಕ್ಷರ ದುಂಡಗಿತ್ತು, ಅವಸರದಲ್ಲಿ ಬರೆದದ್ದೂ ಅಲ್ಲ.

ಆಗ ಎಲ್ಲ ನೆನಪಿಗೆ ಬಂತು. ಕಟ್ಟೆಯ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ನಾನು ಹನ್ನೊಂದನ್ನು ಕೇಳಿದೆ. “ಹುಣ್ಣೇನಿಲ್ಲವ್ವ. ಒಂದೀಟು ಲಾಡಿ ಜಡ್ಡು ಐತಿ ಅಷ್ಟ. ನಾಟಿ ಹಚ್ಚೋರಿಗೆ ಎಲ್ಲಾರಿಗೂ ಇರತೈತಿ,” ಅಂದಿದ್ದಳು. ಆಶಾ ಕಾರ್ಯಕರ್ತೆ ನಕ್ಕಳು, ನಾನೂ ನಕ್ಕೆ. ನಕ್ಕು ‘ಇಲ್ಲ’ ಬರೆದೆ.

ನಮ್ಮ ಕಡೆ ಜಡ್ಡು ಎಂದರೆ ತಿಕ್ಕಿ ತಿಕ್ಕಿ ಗಟ್ಟಿಯಾದ ಚರ್ಮವೂ ಹೌದು, ಕಾಯಿಲೆಯೂ ಹೌದು. ‘ಜಡ್ಡಾಗಿ ಮಲಗ್ಯಾನ’ ಎಂದರೆ ಯಾರೂ ಅವನ ಅಂಗೈ ಮುಟ್ಟಿ ನೋಡಲು ಹೋಗುವುದಿಲ್ಲ. ಹುಟ್ಟಿದಾಗಿನಿಂದ ಈ ಎರಡೂ ಅರ್ಥ ಕೇಳಿಕೊಂಡು ಬೆಳೆದವಳು ನಾನು. ಅವತ್ತು ನನಗೆ ಬೇಕಾದ ಒಂದನ್ನು ಮಾತ್ರ ಕೇಳಿಸಿಕೊಂಡೆ. ನಮ್ಮತ್ತೆ ಕಡೆತನಕ ಕಚ್ಚೆ ಸೀರೆಯವರು, ಅವರ ಟೊಂಕಕ್ಕೆ ಲಾಡಿಯ ಗುರುತೇ ಇರಲಿಲ್ಲ ಎಂದು ಒಂದು ನೆಪ ಹುಡುಕಿಕೊಂಡೆ. ಆದರೆ ನನ್ನ ಟೊಂಕಕ್ಕೆ ಇದೆಯಲ್ಲ! ಬಚ್ಚಲಮನೆಯಲ್ಲಿ ದಿನಾ ಕಾಣುವ ಗೆರೆ ಅದು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಚೂರಿನ ಪರೀಕ್ಷೆಯ ಫಲಿತಾಂಶ ಬರಲು ವಾರ ಬೇಕಿತ್ತು. ಆದರೆ ಡಾಕ್ಟರ ಮುಖ ನೋಡಿದವರಿಗೆ ವಾರ ಕಾಯುವ ಅಗತ್ಯವಿರಲಿಲ್ಲ. ನಾನು ಎರಡು ದಿನ ತಲೆ ಕೆಡಿಸಿಕೊಂಡೆ. ಒಬ್ಬಳ ಫಾರಂ ತಪ್ಪಾಗಿದ್ದರೆ ಅದನ್ನು ತಿದ್ದಬಹುದು. ಆದರೆ ಒಬ್ಬಳದೇ ತಪ್ಪು ಎಂದು ಹೇಗೆ ಹೇಳಲಿ? ಕಾಲುವೆಯ ಕೆಳಗೆ ಹೆಂಗಸರು ಬೆಳಗಿನಿಂದ ಬಗ್ಗಿ ಭತ್ತ ನಾಟಿ ಮಾಡುತ್ತಾರೆ. ಸೀರೆ ಜಾರಬಾರದೆಂದು ಲಾಡಿಯನ್ನು ಉಸಿರುಗಟ್ಟುವ ಹಾಗೆ ಬಿಗಿಯುತ್ತಾರೆ. ಬಟ್ಟೆ ಒದ್ದೆ, ಬೆವರು ಬೇರೆ, ಅದೇ ಜಾಗ, ಅದೇ ಗಂಟು, ನಲವತ್ತು ವರ್ಷ. ನಾನು ಅವರ ಮುಖ ನೋಡಿ, ಕೈ ನೋಡಿ, ಬಿಸಿಲು ಬಿದ್ದ ಜಾಗವನ್ನೆಲ್ಲ ನೋಡಿ ‘ಇಲ್ಲ’ ಬರೆದು ಬಂದಿದ್ದೆ. ಬಿಸಿಲು ಎಂದೂ ಬೀಳದ ಜಾಗ ನೋಡಿರಲಿಲ್ಲ.

ಸೋಮವಾರ ದೊಡ್ಡ ಡಾಕ್ಟರ ಕೋಣೆಗೆ ಹೋದೆ.

“ಸರ್, ಹೆಂಗಸರ ಫಾರಂಗಳು ತಪ್ಪಾಗ್ಯಾವ.”

“ಯಾವುವು?”

“ಎಲ್ಲಾ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಲಾಡಿಯಿಂದ ಆಗುವ ಕ್ಯಾನ್ಸರ್ ನಮ್ಮ ಪುಸ್ತಕಗಳಲ್ಲೂ ಇದೆ ಮೇಡಂ. ಅಪರೂಪ ಅಂತ ಬರೆದಿದ್ದಾರೆ. ಒಂದು ಕೇಸು ಸಿಕ್ಕಿದೆ, ಅದನ್ನ ಬೇರೆ ಬರೆಯೋಣ.”

“ಅಪರೂಪ ಅಂತ ಬರದವರು ಲಾಡಿ ಬಿಚ್ಚಿ ನೋಡಿ ಬರದಾರೋ, ನನ್ನಂಗ ಕೇಳಿ ಬರದಾರೋ ಸರ್?”

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಇಪ್ಪತ್ತು ವರ್ಷದಲ್ಲಿ ಅವರಿಗೆ ಎದುರು ಮಾತಾಡಿದವಳಲ್ಲ. ಅವರು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. ವರದಿ ಕೊಡಲು ಉಳಿದ ಸಮಯ, ಜೀಪು ವಾಪಸ್ಸು ಹೋಗಿದ್ದು, ಎಲ್ಲ ಲೆಕ್ಕ ಹಾಕಿರಬೇಕು. ಕೊನೆಗೆ ಕೇಳಿದರು, “ತಪ್ಪು ನಿಮ್ಮದು ಅಂತ ಬರೆದುಕೊಡ್ತೀರಾ? ಇಲ್ಲದಿದ್ದರೆ ಹೆಚ್ಚಿನ ಅವಧಿ ಕೇಳೋಕೆ ನನ್ನ ಹತ್ತಿರ ಕಾರಣ ಇರೋದಿಲ್ಲ.”

ಬರೆದುಕೊಟ್ಟೆ. ಮೋಕದಿಂದ ಕುರುಗೋಡಿನವರೆಗೆ ಹೆಂಗಸರ ಪ್ರತಿ ಫಾರಂ ಮೇಲೆ ‘ರದ್ದು’ ಎಂಬ ಮೊಹರು ಒತ್ತುವ ಕೆಲಸವೂ ನನ್ನ ಪಾಲಿಗೇ ಬಂತು. ಇಡೀ ದಿನ ಒತ್ತಿದೆ. ಪ್ರತಿ ಹಾಳೆಯಲ್ಲೂ ಒಂದು ಬಸ್ಸು, ಒಂದು ಬಿಸಿಲು, ಒಂದು ಮಂಡಿನೋವು ಇತ್ತು. ಸಂಜೆ ಭುಜ ಎತ್ತಲು ಆಗಲಿಲ್ಲ.

ಎರಡನೇ ಸುತ್ತನ್ನು ಕುರುಗೋಡು ಕಡೆಯಿಂದ ಶುರು ಮಾಡಿದೆ. ಮೊದಲ ದಿನವೇ ಮುಖಭಂಗ. ಮನೆಯೊಳಗೆ ಹೋಗಿ “ಅವ್ವಾ, ಟೊಂಕ ತೋರ್ಸ್ರಿ” ಅಂದೆ.

“ಏನವ್ವ, ಹೆಣ್ಣು ನೋಡಾಕ ಬಂದಿಯೇನು? ವರ ಎಲ್ಲ್ಯದಾನ?” ಅಂದಳು ಮೊದಲ ಮನೆಯ ಮುದುಕಿ. ಎರಡನೇ ಮನೆಯವಳು ಮಾತೇ ಆಡಲಿಲ್ಲ, ಬಾಗಿಲು ಮುಂದೆ ಮಾಡಿದಳು. ಮೂರನೆಯ ಮನೆಯಲ್ಲಿ ಮಗ ಎದ್ದು ಬಂದು, ಆಸ್ಪತ್ರೆಯವರಿಗೆ ಬೇರೆ ಕೆಲಸ ಇಲ್ಲೇನ್ರಿ ಎಂದು ಕೇಳಿದ. ಮಧ್ಯಾಹ್ನದ ಹೊತ್ತಿಗೆ ಒಂದು ಫಾರಂ ಕೂಡ ತುಂಬಿರಲಿಲ್ಲ. ಬಸ್ ನಿಲ್ದಾಣದ ನೆರಳಲ್ಲಿ ಕೂತು, ಬರೆದುಕೊಟ್ಟ ಕೈಗೆ ಬೆಂಕಿ ಹಾಕಬೇಕು ಅಂದುಕೊಂಡೆ.

“ಮೇಡಂ, ಸಿಟ್ಟಾಗಬ್ಯಾಡ್ರಿ,” ಎಂದಳು ಆ ಊರಿನ ಆಶಾ ಕಾರ್ಯಕರ್ತೆ, ಮಾತು ಚುರುಕು, ಕೆಲಸವೂ ಚುರುಕು. “ನೀವು ಕೇಳಾಕ ಬಂದೋರು. ಅವ್ರು ಬಿಚ್ಚಬೇಕು, ನೀವು ನೋಡಬೇಕು. ಯಾರು ಒಪ್ತಾರ್ರಿ? ನನ್ನ ಕೇಳಿದ್ರೂ ನಾ ಒಪ್ತಿದ್ದಿಲ್ಲ.”

ಮಾರನೆಯ ದಿನ ಮೊದಲ ಮನೆಯ ಮುದುಕಿಯ ಹತ್ತಿರವೇ ಹೋದೆವು. ಮುಖ, ಕೈ, ಕಾಲು ನೋಡಿ ಮುಗಿಸಿದೆ. ಆಮೇಲೆ ಒಳಗಿನ ಕೋಣೆಯಲ್ಲಿ ಕೂತು, ಆಶಾ ಕಾರ್ಯಕರ್ತೆಗೆ ಬಾಗಿಲು ಕಾಯಲು ಹೇಳಿ, ನನ್ನ ಸೀರೆಯ ನೆರಿಗೆ ಸಡಿಲಿಸಿ ಲಾಡಿ ಕೆಳಗೆ ಸರಿಸಿದೆ. ಐವತ್ತೆರಡರ ಹೊಟ್ಟೆ, ಎರಡು ಹೆರಿಗೆಯ ಗೀರು, ಅದರ ಮೇಲೊಂದು ಕಪ್ಪು ಪಟ್ಟಿ. ನಾಚಿಕೆಯಿಂದ ಕಿವಿ ಬಿಸಿಯಾದವು.

“ನಂದು ನೋಡ್ರಿ ಮೊದ್ಲು. ನಿಮ್ದು ಇದರಷ್ಟ ಕಪ್ಪೈತೋ, ಹೆಚ್ಚೈತೋ?”

ಮುದುಕಿ ಬಗ್ಗಿ ನೋಡಿದಳು. ಬೆರಳಿಂದ ಮುಟ್ಟಿದಳು. “ಇದೇನು ಜಡ್ಡು! ಏಸಿ ಕೆಳಗ ಕುಂತಾಕಿ ನೀನು. ನಂದು ನೋಡು,” ಎಂದು ಪಂದ್ಯಕ್ಕೆ ನಿಂತವಳ ಹಾಗೆ ತನ್ನದನ್ನು ಸರಿಸಿದಳು. ನಕ್ಕೆ. ನಗುತ್ತಲೇ ಟಾರ್ಚು ಹಚ್ಚಿದೆ.

ಅಂದಿನಿಂದ ಪ್ರಶ್ನೆ ಬದಲಾಯಿತು. ಹುಣ್ಣು ಇದೆಯೇ ಎಂದು ಕೇಳುವುದನ್ನೇ ಬಿಟ್ಟೆ. “ಲಾಡಿ ಎಲ್ಲಿ ಕಟ್ತೀರಿ? ಗಂಟು ಯಾವ ಕಡೆ?” ಇಷ್ಟೇ. ಗಂಟಿನ ಕಡೆಯಿಂದ ಶುರು ಮಾಡಿ ಪಟ್ಟಿಯ ಗುಂಟ ಸುತ್ತಲೂ ಬೆಳಕು ಹಿಡಿಯಬೇಕು. ಬರೀ ಕಪ್ಪು ಇದ್ದರೆ ಕಪ್ಪು ಎಂದು, ಬಿಳಿಚಿಕೊಂಡಿದ್ದರೆ ಬಿಳಿಚು, ಸಿಪ್ಪೆ, ಬಿರುಕು, ಎದ್ದ ಅಂಚು ಇದ್ದರೆ ಹಾಗೆಂದೇ ಬರೆಯಬೇಕು. ಒಡೆದದ್ದು ಕಂಡರೆ ಸ್ಕೇಲು, ಫೋಟೋ, ಚೀಟಿ. ಲಾಡಿ ಬಿಗಿ ಮಾಡಬೇಡಿ, ಅಗಲ ಪಟ್ಟಿ ಹಾಕಿ, ದಿನಾ ಗಂಟಿನ ಜಾಗ ಬದಲಿಸಿ ಎಂದು ಹೇಳಬೇಕು. ಬ್ರೂಸ್‌ಪೇಟೆಯ ಅಂಗಡಿಯಲ್ಲಿ ಮೂರು ಬೆರಳಗಲದ ಹತ್ತಿಯ ಪಟ್ಟಿ ಸಿಗುತ್ತದೆ, ಒಂದು ಸುರುಳಿ ತಂದು ತುಂಡು ತುಂಡು ಹಂಚಿದೆ. ನೈಟಿ ಹಾಕಿಕೊಳ್ಳಿ ಅಂದರೆ ಮಾತ್ರ ಎಲ್ಲರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಸಿಕ್ಕಿದ್ದು ಎಷ್ಟು ಎನ್ನುವುದು ದೊಡ್ಡ ಡಾಕ್ಟರ ವರದಿಗೆ ಸೇರಿದ ಮಾತು. ನನಗೆ ಗೊತ್ತಿರುವುದು ಇಷ್ಟು: ಮೊದಲ ಸುತ್ತಿನಲ್ಲಿ ಬರೀ ‘ಇಲ್ಲ’ ಇದ್ದ ಕಾಲಂ ಹಾಗೇ ಉಳಿಯಲಿಲ್ಲ. ಒಂದೊಂದು ಗುರುವಾರವೂ ಒಬ್ಬಿಬ್ಬರು ಚೀಟಿ ಹಿಡಿದು ಬಳ್ಳಾರಿಗೆ ಬಂದರು. ಹೆಚ್ಚಿನವರದು ಬೇಗ ಸಿಕ್ಕಿತ್ತು, ಸಣ್ಣದಾಗಿ ಕತ್ತರಿಸಿ ಹೊಲಿಗೆ ಹಾಕಿ ಅದೇ ವಾರ ಮನೆಗೆ ಕಳಿಸಿದರು. ದೊಡ್ಡ ಡಾಕ್ಟರು ಒಮ್ಮೆ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, “ನಿಮ್ಮ ಸಿಟ್ಟು ಉಪಯೋಗಕ್ಕೆ ಬಂತು ಮೇಡಂ,” ಅಂದರು. ಖುಷಿಪಡುವಷ್ಟು ತ್ರಾಣ ನನ್ನಲ್ಲಿರಲಿಲ್ಲ.

ಯಾಕೆಂದರೆ ಸಿರುಗುಪ್ಪ ಕಡೆಯ ಆ ಅಜ್ಜಿ ವಾರ್ಡಿನಲ್ಲಿದ್ದಳು. ಹುಣ್ಣನ್ನು ಸುತ್ತಲಿನ ಚರ್ಮದ ಸಮೇತ ಅಗಲವಾಗಿ ತೆಗೆದು, ತೊಡೆಯ ಚರ್ಮ ತಂದು ಮುಚ್ಚಿದ್ದರು. ತೊಡೆಸಂದಿಯ ಗಡ್ಡೆಗಳನ್ನೂ ತೆಗೆದಿದ್ದರು. ಟೊಂಕದ ಗಾಯ ಹಿಡಿದುಕೊಂಡಿತು. ತೊಡೆಸಂದಿಯದು ಸಕ್ಕರೆ ಕಾಯಿಲೆಯ ದೆಸೆಯಿಂದ ಬಿಚ್ಚಿಕೊಂಡಿತು. ಗಡ್ಡೆಯ ಬೇರು ಒಳಗೆ ದೂರ ಹೋಗಿತ್ತು ಎಂದು ಲೇಡಿ ಡಾಕ್ಟರು ನನಗೆ ಮೆಲ್ಲಗೆ ಹೇಳಿದರು. ಆರು ತಿಂಗಳ ಹಿಂದಾಗಿದ್ದರೆ? ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ. “ಆಗ ಸಣ್ಣದಿತ್ತಲ್ಲ ಮೇಡಂ,” ಅಂದರು.

ಒಂದು ಮಧ್ಯಾಹ್ನ ಹಾಸಿಗೆಯ ಪಕ್ಕ ಕೂತೆ. ಸೊಸೆ ಊಟ ತರಲು ಹೋಗಿದ್ದಳು.

“ಅವ್ವಾ, ಅವತ್ತು ನಿಮ್ಮನಿಗೆ ಬಂದಾಗ ನಾ ನೋಡಬೇಕಿತ್ತು. ನೋಡಲಾರದ ‘ಇಲ್ಲ’ ಅಂತ ಬರದೆ.”

“ನಾನ ಇಲ್ಲ ಅಂದ್ನಲ್ಲ. ನೀ ಹ್ಯಾಂಗ ಐತಿ ಅಂತ ಬರೀತಿ?”

“ನೀರು ಬರ್ತಿತ್ತಲ್ಲವ್ವ. ಯಾಕ ಹೇಳಲಿಲ್ಲ?”

“ಹುಣ್ಣು ಅಂದ್ರ ಅದು ತಾನ ಬರೋದು. ಇದು ನಾನ ಕಟ್ಟಿಕೊಂಡಿದ್ದು, ದಿನಾ ಮುಂಜಾನೆ ಎದ್ದು. ಇದನ್ನ ಜಡ್ಡು ಅಂತ ದವಾಖಾನಿಗೆ ಹೇಳಾಕ ನಾಚಿಕಿ ಆಗೂದಿಲ್ಲೇನು?” ಎಂದಳು. ನನ್ನ ಕೈಮೇಲೆ ತನ್ನ ಕೈಯಿಟ್ಟು, “ಮಾರಿ ಸಣ್ಣದು ಮಾಡಿಕೋಬ್ಯಾಡ. ಉಣ್ಣು ಹೋಗು,” ಅಂದಳು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮೆಟ್ಟಿಲ ಹತ್ತಿರ ನಿಂತು ಅತ್ತೆ.

ಜೂನಿನಲ್ಲಿ ಅವಳೇ ಹಠ ಹಿಡಿದು ಊರಿಗೆ ಹೋದಳು. ಶ್ರಾವಣದಲ್ಲಿ ಆ ಊರಿನ ಆಶಾ ಕಾರ್ಯಕರ್ತೆ ಫೋನು ಮಾಡಿದಳು. ಅಜ್ಜಿ ತೀರಿಕೊಂಡಿದ್ದಳು.

ಎರಡನೇ ಸುತ್ತಿನಲ್ಲಿ ಆ ಊರನ್ನು ಕೊನೆಗಿಟ್ಟುಕೊಂಡಿದ್ದೆ. ಬೇಕೆಂದೇ ಇಟ್ಟುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಗದ್ದೆಗಳಲ್ಲಿ ನಾಟಿ ಮುಗಿದಿತ್ತು. ಕಳೆ ಕೀಳುವ ಕೂಲಿಯಿಂದ ಬಂದ ಸೊಸೆ ಕಟ್ಟೆಯ ಮೇಲೆ ಕೂತು ಕಾಲಿನ ಕೆಸರು ತೊಳೆಯುತ್ತಿದ್ದಳು. ನನ್ನನ್ನು ನೋಡಿ ಎದ್ದು ಒಳಗೆ ಕರೆದು ಚಾಪೆ ಹಾಸಿದಳು. ಫಾರಂ ತೆಗೆದೆ.

“ಮನಿಯಾಗ ಅರವತ್ತು ದಾಟಿದವರು ಯಾರರ ಅದಾರೇನವ್ವ?”

“ಇದ್ರು,” ಅಂದಳು.

ಸಮೀಕ್ಷೆಯ ನಿಯಮ ಸ್ಪಷ್ಟವಿದೆ. ನಾವು ಹೋದ ದಿನ ಮನೆಯಲ್ಲಿ ಬದುಕಿರುವ, ಅರವತ್ತು ದಾಟಿದವರನ್ನು ಮಾತ್ರ ಎಣಿಸಬೇಕು. ಮೊದಲ ಸುತ್ತಿನ ಅವಳ ಫಾರಂ ಮೇಲೆ ರದ್ದು ಎಂದು ನಾನೇ ಮೊಹರು ಒತ್ತಿದ್ದೆ. ಈ ಸುತ್ತಿನಲ್ಲಿ ಅವಳಿಲ್ಲ. ಯಾರಿಂದಾಗಿ ಈ ಲೆಕ್ಕವೆಲ್ಲ ಮತ್ತೆ ಶುರುವಾಯಿತೋ ಅವಳೇ ಲೆಕ್ಕಕ್ಕೆ ಬರಲಿಲ್ಲ. ‘ಅರ್ಹರು ಯಾರೂ ಇಲ್ಲ’ ಎಂದು ಬರೆದು ಸಹಿ ಹಾಕಿದೆ. ಚೀಲ ಹೆಗಲಿಗೇರಿಸಿ ಎದ್ದೆ.

“ಅಕ್ಕಾರ,” ಎಂದಳು ಸೊಸೆ. ಕಣ್ಣು ನೆಲದ ಮೇಲಿತ್ತು. “ನಂದು ನೋಡ್ತೀರೇನ್ರಿ? ನಾ ಇನ್ನ ಅಷ್ಟು ಮುದುಕಿ ಆಗಿಲ್ಲ ಖರೆ.”

ನಲವತ್ತೈದು. ಯಾವ ಕಾಲಂನಲ್ಲೂ ಕೂರದ ವಯಸ್ಸು. ಚೀಲ ಕೆಳಗಿಟ್ಟು ಬಾಗಿಲು ಹಾಕಿದೆ. ಅವಳು ಲಾಡಿ ಸಡಿಲಿಸಿದಳು. ಒದ್ದೆ ಇನ್ನೂ ಆರಿರಲಿಲ್ಲ. ಗಂಟು ಎಡಗಡೆ. ಅಲ್ಲಿಂದ ಶುರು ಮಾಡಿ ಬೆನ್ನಿನ ಕಡೆ ಹಾಯ್ದು ಬಲಗಡೆಯಿಂದ ಮತ್ತೆ ಗಂಟಿನವರೆಗೆ ಬೆಳಕು ಹಿಡಿದೆ. ಕಪ್ಪು ಪಟ್ಟಿ ಇತ್ತು, ಸ್ವಲ್ಪ ಸಿಪ್ಪೆ. ಬಿರುಕಿಲ್ಲ, ಎದ್ದ ಅಂಚಿಲ್ಲ.

“ಏನರ ಐತೇನ್ರಿ ಅಕ್ಕಾ?”

“ಇಲ್ಲ,” ಅಂದೆ. ಅಂದ ಮೇಲೆ ಅವಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಗಂಟಿನ ಜಾಗದಿಂದ ಮತ್ತೆ ಶುರು ಮಾಡಿದೆ.